ಅಂಚಿನ ಮೇಲೊಂದು ಹೆಸರಿದೆ, ಓದಿದ್ದೀರಾ?



ಇವತ್ತು ರಾಜಕೀಯ ಬೇಡ. ಯಾರು ಯಾರಿಗೆ ಬೈದರು, ಯಾರು ಯಾವ ರೆಸಾರ್ಟಿಗೆ ಹೋದರು ಅನ್ನೋದನ್ನ ಬೆಳಗ್ಗೆಯಿಂದ ಹೇಳಿ ಹೇಳಿ ನನಗೂ ಸಾಕಾಗಿದೆ, ಕೇಳಿ ಕೇಳಿ ನಿಮಗೂ ಸಾಕಾಗಿರುತ್ತೆ. ಇವತ್ತು ಒಂದು ಹಳೇ ಟ್ರಂಕಿನ ವಿಷಯ ಮಾತಾಡೋಣ.

ಹೋದ ವಾರ ಮೈಸೂರು ಕಡೆಯ ಒಬ್ಬ ಹೆಣ್ಣುಮಗಳು ನಮ್ಮ ಆಫೀಸಿನ ನಂಬರಿಗೆ ಎರಡು ಫೋಟೊ ಕಳಿಸಿದ್ದರು. ವಯಸ್ಸು ಅರವತ್ತರ ಹತ್ತಿರ. ಹಳೇ ಮನೆ ಕೆಡವಿಸುವಾಗ ಅಟ್ಟದ ಮೇಲಿದ್ದ ತಾತನ ಟ್ರಂಕು ಕೆಳಗೆ ಬಂದಿದೆ. ಅದರಲ್ಲಿ ಗೆದ್ದಲು ತಿಂದ ಒಂದು ಕೋಟು, ಒಂದಷ್ಟು ಕಾಗದ, ಜೊತೆಗೆ ಎರಡು ಬಿಲ್ಲೆ. ಒಂದು ದುಂಡಗಿದೆ, ಅದರ ಮೇಲೆ ರೆಕ್ಕೆ ಇರುವ ಹೆಂಗಸು. ಇನ್ನೊಂದು ನಕ್ಷತ್ರದ ಹಾಗಿದೆ, ಮಧ್ಯೆ ಎರಡು ಕತ್ತಿ ಅಡ್ಡಡ್ಡ. ಕೆಳಗೆ ಒಂದೇ ಸಾಲು ಬರೆದಿದ್ದರು: "ಸರ್, ಗುಜರಿಯವನು ಎರಡಕ್ಕೂ ಸೇರಿ ಇನ್ನೂರು ರೂಪಾಯಿ ಕೊಡ್ತೀನಿ ಅಂತಾನೆ. ನನ್ನ ತಮ್ಮ ಕೊಡೋಣ ಅಂತಾನೆ. ಕೊಡಬಹುದಾ?"

ಸುದ್ದಿ ವಾಹಿನಿಗೆ ಇಂಥ ಪ್ರಶ್ನೆ ಯಾಕೆ ಬಂತು ಅಂತ ನಿಮಗೆ ಅನ್ನಿಸಬಹುದು. ನಮಗೆ ದಿನಾ ಬರುತ್ತೆ. ಹೊಲ ಉಳುವಾಗ ಕತ್ತಿ ಸಿಕ್ಕಿದೆ, ಬಾವಿ ತೋಡುವಾಗ ಗುಂಡು ಸಿಕ್ಕಿದೆ, ಇದು ಟಿಪ್ಪು ಕಾಲದ್ದಾ, ಕೋಟಿ ಬೆಲೆ ಬಾಳುತ್ತಾ? ಕೇಳೋದರಲ್ಲಿ ಏನೂ ತಪ್ಪಿಲ್ಲ. ಗೊತ್ತಿಲ್ಲದೆ ಉತ್ತರ ಕೊಡೋದು ತಪ್ಪು. ಆ ತಪ್ಪನ್ನ ನಾನೇ ಮಾಡಿದ್ದೀನಿ, ಮುಚ್ಚಿಟ್ಟುಕೊಳ್ಳೋದು ಯಾಕೆ? ಹಲವು ವರ್ಷಗಳ ಹಿಂದೆ, ಆಗ ನಾನಿದ್ದ ವಾಹಿನಿಯಲ್ಲಿ, ಯಾರೋ ತಂದ ಒಂದು ಕತ್ತಿಯನ್ನ "ಟಿಪ್ಪು ಖಡ್ಗ ಪತ್ತೆ" ಅಂತ ಅರ್ಧ ದಿನ ಓಡಿಸಿದೆವು. ಕೆಂಪು ಪಟ್ಟಿ, ಹಿನ್ನೆಲೆ ಸಂಗೀತ, ಎಲ್ಲಾ. ಸಂಜೆ ಒಬ್ಬ ನಿವೃತ್ತ ಮೇಷ್ಟ್ರು ಫೋನ್ ಮಾಡಿ, "ಅದು ನಮ್ಮೂರ ನಾಟಕ ಕಂಪನಿ ಕತ್ತಿ ಕಣಪ್ಪಾ. ಅದನ್ನ ಹಿಡಿದುಕೊಂಡು ನಾನೇ ದುರ್ಯೋಧನನ ಪಾರ್ಟು ಮಾಡಿದ್ದೀನಿ" ಅಂದರು. ಹಿಡಿಕೆಯ ಒಳಗಡೆ ಕಂಪನಿ ಹೆಸರು ಕೊರೆದಿತ್ತು. ನಾವು ಯಾರೂ ನೋಡಿರಲಿಲ್ಲ.

ಅವತ್ತಿನಿಂದ ನಾನೊಂದು ಪಾಠ ಕಲಿತೆ. ಹಳೇ ವಸ್ತು ಸಿಕ್ಕರೆ ಮೊದಲು ಅದರ ಮೇಲೆ ಬರೆದಿರೋದನ್ನ ಓದಬೇಕು. ಆ ಹೆಣ್ಣುಮಗಳಿಗೂ ಅದನ್ನೇ ಹೇಳಿದೆ: "ಅಮ್ಮಾ, ದುಂಡಗಿರೋದರ ಅಂಚು ನೋಡಿ. ಮುಂದುಗಡೆ ಅಲ್ಲ, ಹಿಂದುಗಡೆ ಅಲ್ಲ, ರೂಪಾಯಿ ನಾಣ್ಯಕ್ಕೆ ಗೀರು ಇರುತ್ತಲ್ಲ ಆ ಜಾಗ. ನಕ್ಷತ್ರದ ಬೆನ್ನು ನೋಡಿ. ಏನಾದ್ರೂ ಅಕ್ಷರ ಇದೆಯಾ?"

ಹತ್ತು ನಿಮಿಷ ಬಿಟ್ಟು ಉತ್ತರ ಬಂತು. "ಇದೆ ಸರ್. ಇಂಗ್ಲಿಷಿನಲ್ಲಿ ಒಂದು ನಂಬರ್ ಇದೆ. ಆಮೇಲೆ ಸವಾರ್ ಅಂತಿದೆ. ಆಮೇಲೆ ನಮ್ಮ ತಾತನ ಹೆಸರು. ಕೊನೆಯಲ್ಲಿ ಮೈಸೂರ್ ಲ್ಯಾನ್ಸರ್ಸ್."

ನೋಡಿ ಸ್ವಾಮಿ, ಇನ್ನೂರು ರೂಪಾಯಿಗೆ ಹೊರಟಿದ್ದ ಬಿಲ್ಲೆ ಇದು.

1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾದಾಗ ಮೈಸೂರು ಸಂಸ್ಥಾನದ ಕುದುರೆ ಪಡೆ ಹಡಗು ಹತ್ತಿ ಈಜಿಪ್ಟಿಗೆ ಹೋಯಿತು. ಸೂಯೆಜ್ ಕಾಲುವೆ ಕಾದಿತು. ಅಲ್ಲಿಂದ ಸಿನಾಯ್, ಪ್ಯಾಲೆಸ್ಟೈನ್. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಹೈಫಾ ಊರಿನ ಮೇಲೆ ದಾಳಿ ಮಾಡಿತು. ಊರಿನ ನೆತ್ತಿಗೆ ಕಾರ್ಮೆಲ್ ಬೆಟ್ಟ, ಬೆಟ್ಟದ ಮೇಲೆ ಫಿರಂಗಿ, ಕೆಳಗೆ ಮೆಷಿನ್ ಗನ್. ನಮ್ಮವರ ಕೈಯಲ್ಲಿ ಇದ್ದದ್ದು ಈಟಿ ಮತ್ತು ಕತ್ತಿ. ಬೆಟ್ಟದ ಮೇಲಿನ ಫಿರಂಗಿಗಳನ್ನ ಹಿಡಿಯೋ ಕೆಲಸಕ್ಕೆ ಹೋದವರು ಮೈಸೂರಿನವರು, ಊರಿನೊಳಗೆ ನುಗ್ಗಿದವರು ಜೋಧಪುರದವರು. ಜೋಧಪುರದ ಮೇಜರ್ ದಳಪತ್ ಸಿಂಗ್ ಅಲ್ಲೇ ಪ್ರಾಣ ಬಿಟ್ಟರು. ಸಂಜೆ ಹೊತ್ತಿಗೆ ಊರು ಕೈಗೆ ಬಂತು. ಸೆರೆ ಸಿಕ್ಕವರು 1,350 ಮಂದಿ, ಸಿಕ್ಕ ಫಿರಂಗಿ 17. ನಮ್ಮ ಕಡೆ ಸತ್ತವರು 8 ಜನ. ಸತ್ತ ಕುದುರೆ 60. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರೋ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ ಮತ್ತು ಮೈಸೂರು ಕುದುರೆ ಪಡೆಗಳವು. 2018ರಲ್ಲಿ ಅದಕ್ಕೆ ತೀನ್ ಮೂರ್ತಿ ಹೈಫಾ ಚೌಕ್ ಅಂತ ಹೆಸರಿಟ್ಟರು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಅದರ ಪಕ್ಕದಲ್ಲೇ ದಿನಾ ಸಾವಿರಾರು ಗಾಡಿ ಓಡಾಡುತ್ತವೆ. ಎಷ್ಟು ಜನ ತಿರುಗಿ ನೋಡ್ತಾರೆ ಅಂತ ಕೇಳಬೇಡಿ, ನಾನೇ ವರ್ಷಗಟ್ಟಲೆ ನೋಡಿರಲಿಲ್ಲ.

ನನ್ನ ಪರಿಚಯದವರೊಬ್ಬರು ಇದ್ದಾರೆ. ನಿವೃತ್ತ ಬ್ಯಾಂಕ್ ಅಧಿಕಾರಿ, ಮೂವತ್ತು ವರ್ಷದಿಂದ ಸೈನಿಕರ ಪದಕ ಸಂಗ್ರಹಿಸೋ ಹುಚ್ಚು. ಸಂಡೇ ಬಜಾರಿನಲ್ಲಿ ಬೆಳಗ್ಗೆ ಆರು ಗಂಟೆಗೇ ಹಾಜರ್. ಫೋಟೊ ಅವರಿಗೆ ಕಳಿಸಿದೆ. ಒಂದೇ ನಿಮಿಷದಲ್ಲಿ ಫೋನ್ ಬಂತು. "ಮೂರನೇದು ಎಲ್ಲಿ?"

"ಯಾವ ಮೂರನೇದು ಸರ್?"

"ಈ ಎರಡಿದ್ದ ಮೇಲೆ ಮೂರನೇದು ಇರಲೇಬೇಕು. ಬೆಳ್ಳಿದು."

ಅವರು ಹೇಳಿದ ಲೆಕ್ಕ ಹೀಗಿದೆ. 1915ರ ಕೊನೆಯೊಳಗೆ ರಣರಂಗಕ್ಕೆ ಹೋದವನಿಗೆ ಕಂಚಿನ ನಕ್ಷತ್ರ, ಮಧ್ಯದ ಪಟ್ಟಿಯಲ್ಲಿ 1914-15 ಅಂತ ಇರುತ್ತೆ. ಆಮೇಲೆ ವಿಕ್ಟರಿ ಮೆಡಲ್, ರೆಕ್ಕೆ ಇರೋ ವಿಜಯದೇವತೆ, ಕಾಮನಬಿಲ್ಲಿನ ಬಣ್ಣದ ರಿಬ್ಬನ್. ವಿಕ್ಟರಿ ಸಿಕ್ಕವನಿಗೆ ಬ್ರಿಟಿಷ್ ವಾರ್ ಮೆಡಲ್ ಕೂಡ ಸಿಕ್ಕೇ ಸಿಗುತ್ತೆ. ಅದು ಒಳ್ಳೇ ಬೆಳ್ಳಿ, ನೂರಕ್ಕೆ ತೊಂಬತ್ತೆರಡೂವರೆ ಭಾಗ. ಒಂದು ಕಡೆ ಐದನೇ ಜಾರ್ಜ್ ತಲೆ, ಇನ್ನೊಂದು ಕಡೆ ಬೆತ್ತಲೆ ಕುದುರೆ ಸವಾರ. ತೂಕ ಸುಮಾರು ಒಂದು ಔನ್ಸ್, ನಮ್ಮ ಲೆಕ್ಕದಲ್ಲಿ ಎರಡೂವರೆ ತೊಲ ಮೇಲೆ. ಮೂರರ ಮೇಲೂ ಒಬ್ಬನದೇ ನಂಬರ್, ಒಬ್ಬನದೇ ಹೆಸರು.

ಆ ಹೆಣ್ಣುಮಗಳಿಗೆ ಮತ್ತೆ ಫೋನ್ ಮಾಡಿ ಕೇಳಿದೆ. "ಅಮ್ಮಾ, ಇದರ ಜೊತೆ ಒಂದು ಬೆಳ್ಳಿ ಬಿಲ್ಲೆ ಇತ್ತಾ?" ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು. "ಇತ್ತು ಸರ್. ನನ್ನ ಮದುವೆಗೆ ಕಾಲುಚೈನು ಮಾಡಿಸೋಕೆ ಬೆಳ್ಳಿ ಸಾಲದೆ ಬಂದಿತ್ತು. ಅಪ್ಪ ಅದನ್ನ ಆಚಾರಿಗೆ ಕೊಟ್ಟರು. ತಾತನದು ಅಂತ ನನಗೆ ಗೊತ್ತಿತ್ತು. ಯುದ್ಧದ್ದು ಅಂತ ಗೊತ್ತಿರಲಿಲ್ಲ."

ಈಗ ಆ ಕಾಲುಚೈನು ಎಲ್ಲಿ ಅಂತ ನಾನು ಕೇಳಲಿಲ್ಲ. ಅವರೇ ಹೇಳಿದರು. ಹಳೇ ಡಿಸೈನ್ ಅಂತ ಅಂಗಡಿಗೆ ಹಾಕಿ ಮಗಳಿಗೆ ಹೊಸದು ತಂದರಂತೆ.

ಆ ಅಪ್ಪನನ್ನ ಬೈಯ್ಯೋಕೆ ನನಗೆ ಬಾಯಿ ಬರಲ್ಲ. ಮಗಳ ಮದುವೆ ಮಾಡಬೇಕು, ಕೈಯಲ್ಲಿ ದುಡ್ಡಿಲ್ಲ, ಮನೆಯಲ್ಲಿ ಬೆಳ್ಳಿ ಇದೆ. ಯಾರು ತಾನೇ ಏನು ಮಾಡ್ತಿದ್ದರು? ಶ್ರೀಮಂತರ ದೇಶದಲ್ಲೂ ಇದೇ ಆಗಿದೆ. ಈ ಬೆಳ್ಳಿ ಪದಕ ಸುಮಾರು 65 ಲಕ್ಷ ಅಚ್ಚಾಗಿತ್ತು. 1980ರ ಜನವರಿಯಲ್ಲಿ ಬೆಳ್ಳಿ ಬೆಲೆ ಔನ್ಸಿಗೆ 50 ಡಾಲರ್ ಹತ್ತಿರ ಹೋದಾಗ ಇಂಗ್ಲೆಂಡಿನಲ್ಲೇ ಜನ ತಂದು ತಂದು ಕುಲುಮೆಗೆ ಸುರಿದರು. ಅದಕ್ಕೇ ಇವತ್ತು ಮಾರುಕಟ್ಟೆಯಲ್ಲಿ ಕಂಚಿನ ಎರಡು ಉಳಿದು ಬೆಳ್ಳಿದು ಕಾಣೆಯಾದ ಜೋಡಿಗಳು ಬೇಕಾದಷ್ಟು ಸಿಗುತ್ತವೆ. ಈಗ ನಮ್ಮಲ್ಲಿ ಬೆಳ್ಳಿ ಕೆಜಿಗೆ ಲಕ್ಷ ರೂಪಾಯಿ ದಾಟಿ ಕೂತಿದೆ. ಎಷ್ಟು ಟ್ರಂಕುಗಳ ಬೀಗ ತೆಗೆಯುತ್ತಿದೆಯೋ!

ಬೆಳ್ಳಿ ಹುಡುಕುವವರಿಗೆ ಒಂದು ಮಾತು. ಇದೇ ಬ್ರಿಟಿಷ್ ವಾರ್ ಮೆಡಲ್ ಕಂಚಿನದೂ ಇದೆ. ಅದೇ ಅಳತೆ, ಅದೇ ಚಿತ್ರ, ಲೋಹ ಮಾತ್ರ ಕಂಚು. ನಕಲಿ ಅಂತ ಬಿಸಾಕಬೇಡಿ. ಗುಂಡು ಹಾರಿಸಿದವನಿಗೆ ಬೆಳ್ಳಿ. ಕಂದಕ ತೋಡಿದವನಿಗೆ, ಮೂಟೆ ಹೊತ್ತವನಿಗೆ ಕಂಚು. ಚೀನಾ, ಮಾಲ್ಟಾ, ಭಾರತದಿಂದ ಹೋದ ಕೂಲಿ ಪಡೆಗಳ ಜನಕ್ಕೆ ಕೊಟ್ಟದ್ದು ಅದು. ಸುಮಾರು 1,10,000 ಅಷ್ಟೇ ಅಚ್ಚಾದದ್ದು. ಇವತ್ತು ಸಂಗ್ರಹಕಾರರು ಬೆಳ್ಳಿಗಿಂತ ಇದನ್ನೇ ಹುಡುಕ್ತಾರೆ.

ಲೋಹದಲ್ಲಿ ಮನುಷ್ಯನನ್ನ ತೂಗೋದು ಅವರಿಗೆ ಹೊಸದೇನಲ್ಲ. ನಮ್ಮ ಶ್ರೀರಂಗಪಟ್ಟಣಕ್ಕೇ ಬನ್ನಿ. 1799ರ ಮೇ 4, ಟಿಪ್ಪು ಸತ್ತ ದಿನ. ಆ ಗೆಲುವಿಗೆ ಈಸ್ಟ್ ಇಂಡಿಯಾ ಕಂಪನಿ ಒಂದು ಪದಕ ಮಾಡಿಸಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋ ಟಂಕಸಾಲೆಯಲ್ಲಿ ಅಚ್ಚು, 48 ಮಿಲಿಮೀಟರ್ ಅಗಲ. ಒಂದು ಕಡೆ ಸಿಂಹ ಒಂದು ಹುಲಿಯನ್ನ ನೆಲಕ್ಕೆ ಕೆಡವಿದೆ. ಸಿಂಹ ಯಾರು, ಹುಲಿ ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಕಡೆ ಕೋಟೆಗೆ ನುಗ್ಗುತ್ತಿರೋ ಸೈನ್ಯ, ನೆತ್ತಿಯ ಮೇಲೆ ಸೂರ್ಯ, ಯಾಕೆಂದರೆ ದಾಳಿ ನಡೆದದ್ದು ನಡುಮಧ್ಯಾಹ್ನ. ದೊಡ್ಡ ಅಧಿಕಾರಿಗಳಿಗೆ ಚಿನ್ನದ ಪದಕ. ಅದರ ಕೆಳಗಿನವರಿಗೆ ಚಿನ್ನದ ನೀರು ಹೊಯ್ದ ಬೆಳ್ಳಿ. ಆಮೇಲೆ ಬರೀ ಬೆಳ್ಳಿ. ಆಮೇಲೆ ಕಂಚು. ಗೋಡೆ ಹತ್ತಿ ಏಟು ತಿಂದ ಸಾಮಾನ್ಯ ಸಿಪಾಯಿಗೆ? ತವರ! ಯುದ್ಧ ಮುಗಿದದ್ದು 1799ರಲ್ಲಿ. ಪದಕ ಕೈಗೆ ಬಂದದ್ದು ಎಷ್ಟೋ ವರ್ಷ ಆದಮೇಲೆ, 1808ರ ಸುಮಾರಿಗೆ. ಸರ್ಕಾರಿ ಕಡತ ಆಗಲೂ ಹಾಗೇ ನಡೀತಿತ್ತು ಅನ್ನಿ.

ಈ ಪದಕದ ಅಂಚಿನ ಮೇಲೆ ಹೆಸರು ಇಲ್ಲ. ಅದೇ ತೊಂದರೆ. ತವರದ್ದು ಸಿಕ್ಕಿದರೆ ಅದು ಯಾವ ಊರಿನ ಯಾವ ಸಿಪಾಯಿಯದು ಅಂತ ಹೇಳೋಕೆ ಯಾರಿಂದಲೂ ಆಗಲ್ಲ. ಆದರೆ ಅದೇ ಯುದ್ಧದ ಒಂದು ಕತ್ತಿ ನೋಡಿ. ಟಿಪ್ಪುವಿನ ಮಲಗುವ ಕೋಣೆಯ ಖಡ್ಗ ಅಂತ ಲಂಡನ್ನಿನ ಬೋನಮ್ಸ್‌ನಲ್ಲಿ 2023ರ ಮೇ ತಿಂಗಳಲ್ಲಿ ಹರಾಜಾಯಿತು. 1 ಕೋಟಿ 40 ಲಕ್ಷ ಪೌಂಡ್! ನಮ್ಮ ದುಡ್ಡಲ್ಲಿ 140 ಕೋಟಿ ರೂಪಾಯಿಗೂ ಹೆಚ್ಚು. ಉಕ್ಕಿಗಾ ಅಷ್ಟು ಬೆಲೆ? ಆ ಖಡ್ಗವನ್ನ ಕೋಟೆ ಹೊಕ್ಕ ಮೇಜರ್ ಜನರಲ್ ಬೇರ್ಡ್‌ಗೆ ಕಾಣಿಕೆ ಕೊಟ್ಟ ಬಗ್ಗೆ ಅದರ ಮೇಲೇ ಬರಹ ಇದೆ. ಇದೇ ಬೇರ್ಡ್ ಅದಕ್ಕೆ ಮುಂಚೆ ಮೂರೂವರೆ ವರ್ಷ ಶ್ರೀರಂಗಪಟ್ಟಣದಲ್ಲೇ ಸೆರೆಯಲ್ಲಿದ್ದವನು. ಯಾರಿಂದ ಯಾರಿಗೆ ಬಂತು ಅನ್ನೋ ಜಾಡು ಇದೆ. ಆ ಜಾಡು ಇಲ್ಲದ ನೂರು ಕತ್ತಿ ನೀವು ತಂದರೂ ಅದು ಹಳೇ ಕತ್ತಿ ಅಷ್ಟೇ. ನಮ್ಮ ದುರ್ಯೋಧನನ ಕತ್ತಿ ಹಾಗೆ.

ಗುರುತು ಹಿಡಿಯೋದು ತಜ್ಞರಿಗೂ ಸುಲಭ ಇಲ್ಲ. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ ಒಂದು ಪಾಳುಬಾವಿಯಿಂದ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಬಂದವು. ಮೊದಲ ಕಂತಿನಲ್ಲಿ ಸಿಕ್ಕ ಸುಮಾರು 160 ಕೊಳವೆಗಳು ಏನು ಅಂತ ಗೊತ್ತಾಗೋಕೇ ವರ್ಷಗಳು ಹಿಡಿದವು. ಟಿಪ್ಪು ಕಾಲದ ಯುದ್ಧ ರಾಕೆಟ್‌ಗಳು ಅವು. 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯವರು ಅದೇ ಬಾವಿಯನ್ನ ಪೂರ್ತಿ ತೋಡಿಸಿದಾಗ ಸಾವಿರಕ್ಕೂ ಹೆಚ್ಚು ಸಿಕ್ಕವು. ಬಾವಿಯ ಮಣ್ಣೇ ಮದ್ದಿನ ವಾಸನೆ ಹೊಡೀತಿತ್ತು. ಮೊದಲು ನೋಡಿದವರು ಯಾರೋ ಪುಣ್ಯಾತ್ಮರು ಗುಜರಿಗೆ ಹಾಕಲಿಲ್ಲ. ಹಾಕಿದ್ದರೆ ಎಲ್ಲಾ ಕಿಟಕಿ ಸರಳಾಗಿ ಹೋಗಿರುತ್ತಿತ್ತು.

ಈಗ ನಮ್ಮ ಬ್ಯಾಂಕ್ ಅಧಿಕಾರಿಗಳ ಮನೆಗೆ ಬರೋಣ. ಕ್ಯಾಮೆರಾ ಇಲ್ಲದೆ ಒಂದು ಸಂಜೆ ಹೋಗಿ ಕೂತಿದ್ದೆ. ಮೇಜಿನ ಮೇಲೆ ಇದ್ದದ್ದು ಒಂದು ಭೂತಗನ್ನಡಿ, ಅಕ್ಕಸಾಲಿಗರ ಪುಟ್ಟ ತಕ್ಕಡಿ, ಕಾಲೇಜಿನಲ್ಲಿ ನಾವೆಲ್ಲ ಹಿಡಿದ ವರ್ನಿಯರ್ ಕ್ಯಾಲಿಪರ್ಸ್, ಮತ್ತೆ ಬ್ಯಾಂಕಿನಲ್ಲಿ ಖೋಟಾ ನೋಟು ನೋಡೋಕೆ ಇಡ್ತಾರಲ್ಲ, ಆ ನೀಲಿ ಲೈಟು. "ಇಷ್ಟೇನಾ ಸರ್?" ಅಂದೆ. "ತಾಳ್ಮೆ ಒಂದು ಬೇಕು. ಅದು ಅಂಗಡೀಲಿ ಸಿಗಲ್ಲ" ಅಂದರು.

ಒಂದೇ ಥರ ಕಾಣೋ ಎರಡು ವಾರ್ ಮೆಡಲ್ ನನ್ನ ಕೈಗೆ ಕೊಟ್ಟು ಯಾವುದು ಅಸಲಿ ಹೇಳಿ ಅಂದರು. ನಾನು ತಪ್ಪು ಹೇಳಿದೆ. ನಕಲಿ ಇನ್ನೂ ಚೆನ್ನಾಗಿತ್ತು, ಫಳಫಳ ಹೊಳೀತಿತ್ತು! ಕನ್ನಡಿ ಕೆಳಗೆ ಇಟ್ಟು ತೋರಿಸಿದರು. ಅಸಲಿಯನ್ನ ದೊಡ್ಡ ಯಂತ್ರದಲ್ಲಿ ಅಚ್ಚು ಒತ್ತಿರ್ತಾರೆ, ರಾಜನ ಗಡ್ಡದ ಕೂದಲು ಒಂದೊಂದೂ ಚೂಪಾಗಿ ಎದ್ದಿರುತ್ತೆ. ನಕಲಿಯನ್ನ ಅಸಲಿಯಿಂದಲೇ ಪಡಿಯಚ್ಚು ತೆಗೆದು ಎರಕ ಹೊಯ್ದಿರ್ತಾರೆ. ಎರಕದ ಮೇಲೆ ಸೂಜಿ ಮೊನೆಯಂಥ ಸಣ್ಣ ಸಣ್ಣ ತೂತು, ಅಕ್ಷರದ ಮೂಲೆಗಳು ಮೊಂಡು. ಇನ್ನೂ ಒಂದಿದೆ. ಕಾದ ಲೋಹ ಆರುವಾಗ ಕುಗ್ಗುತ್ತೆ. ಹಾಗಾಗಿ ನಕಲಿ ಯಾವತ್ತೂ ಅಸಲಿಗಿಂತ ಕೂದಲೆಳೆ ಚಿಕ್ಕದು. ಈ ಪದಕ ಅಡ್ಡಡ್ಡ 36 ಮಿಲಿಮೀಟರ್ ಬರಬೇಕು. ಕ್ಯಾಲಿಪರ್ಸಿನಲ್ಲಿ ಇಟ್ಟರೆ ಕಳ್ಳ ಸಿಕ್ಕಿಬೀಳ್ತಾನೆ.

ಅದಕ್ಕಿಂತ ನಾಜೂಕಿನ ಕಳ್ಳತನ ಇನ್ನೊಂದಿದೆ. ಪದಕ ಅಸಲಿ, ಹೆಸರು ಸುಳ್ಳು. ಯಾರೋ ಒಬ್ಬ ಸಾಮಾನ್ಯ ಸಿಪಾಯಿಯ ಹೆಸರನ್ನ ಅರ ಹಾಕಿ ಅಳಿಸಿ, ಅಲ್ಲಿ ಬೆಲೆ ಬರೋ ಪಡೆಯ ಹೆಸರು ಕೊರೀತಾರೆ. ಅರ ಹಾಕಿದ ಕಡೆ ಅಂಚು ತೆಳ್ಳಗಾಗುತ್ತೆ, ಬೆರಳಲ್ಲಿ ತಿರುಗಿಸಿದರೆ ಏರುಪೇರು ಗೊತ್ತಾಗುತ್ತೆ, ಅಕ್ಷರಗಳ ಅಂತರ ಹೊಂದಲ್ಲ. "ಇದನ್ನ ನೋಡಿದಾಗ ನನಗೆ ಹೊಟ್ಟೆ ಉರಿಯುತ್ತೆ" ಅಂದರು ಅವರು. "ನಕಲಿ ಮಾಡೋನು ನನಗೆ ಮೋಸ ಮಾಡ್ತಾನೆ, ಇರಲಿ. ಇವನು ಸತ್ತವನ ಹೆಸರನ್ನೇ ಒರೆಸಿಹಾಕ್ತಾನೆ."

ರಿಬ್ಬನ್‌ಗೆ ಆ ನೀಲಿ ಲೈಟು. ಹಳೇ ಹತ್ತಿ, ರೇಷ್ಮೆ ದಾರ ಅದರ ಕೆಳಗೆ ಮಂಕಾಗೇ ಇರುತ್ತೆ. ಈಚಿನ ದಾರ, ಈಚಿನ ಸೋಪಿನ ಪುಡಿಯಲ್ಲಿ ಒಗೆದ ಬಟ್ಟೆ, ಹಾಲಿನ ಹಾಗೆ ಹೊಳೆಯುತ್ತೆ. ರಿಬ್ಬನ್ ಹೊಸದಾದ ಮಾತ್ರಕ್ಕೆ ಪದಕ ಸುಳ್ಳಲ್ಲ, ಹಳೇದು ಹರಿದಾಗ ಬದಲಾಯಿಸಿರಬಹುದು. ಆದರೆ "ನೂರು ವರ್ಷದಿಂದ ಯಾರೂ ಮುಟ್ಟಿಲ್ಲ ಸಾರ್" ಅಂತ ವ್ಯಾಪಾರಿ ಹೇಳ್ತಿದ್ದರೆ ಅಲ್ಲಿಗೆ ಮಾತು ಮುಗೀತು.

ಎರಡನೇ ಮಹಾಯುದ್ಧದ್ದು ನಮ್ಮ ಮನೆಗಳಲ್ಲಿ ಇನ್ನೂ ಜಾಸ್ತಿ ಸಿಗುತ್ತೆ. ಆರು ಮೂಲೆಯ ಹಳದಿ ನಕ್ಷತ್ರಗಳು, ಮೇಲೆ ಬರ್ಮಾ, ಆಫ್ರಿಕಾ, ಇಟಲಿ ಅಂತ ಎಲ್ಲಿ ಹೋರಾಡಿದ್ದು ಅನ್ನೋದು ಬರೆದಿರುತ್ತೆ. ಬಿಳೀ ಬಿಲ್ಲೆ ಇದ್ದರೆ, ಎರಡು ತಲೆಯ ಡ್ರ್ಯಾಗನ್ ಮೇಲೆ ಸಿಂಹ ನಿಂತಿದ್ದರೆ, ಅದು ವಾರ್ ಮೆಡಲ್. ಅಖಂಡ ಭಾರತದ ನಕ್ಷೆ ಇದ್ದರೆ ಇಂಡಿಯಾ ಸರ್ವಿಸ್ ಮೆಡಲ್. ಬೆಳ್ಳಿ ಅಂತ ಅಂಗಡಿಗೆ ಒಯ್ದು ಬೈಸಿಕೊಂಡು ಬರಬೇಡಿ, ಅವು ತಾಮ್ರ ನಿಕ್ಕಲ್ ಬೆರಕೆ.

ಮನೆಯಲ್ಲಿ ಹೂದಾನಿಯಾಗಿರೋ ಹಿತ್ತಾಳೆ ಕೊಳವೆ ಇದ್ದರೆ ಒಂದು ಸಲ ತಲೆಕೆಳಗೆ ಮಾಡಿ ನೋಡಿ. ಬುಡದಲ್ಲಿ ಇಸವಿ, ಅಕ್ಷರ, ಮೂರು ಗೆರೆಯ ಬಾಣದ ಗುರುತು ಇದ್ದರೆ ಅದು ಫಿರಂಗಿ ಗುಂಡಿನ ಖಾಲಿ ಕವಚ, ಬಾಣ ಅಂದರೆ ಬ್ರಿಟಿಷ್ ಸರ್ಕಾರದ ಸೊತ್ತು. ಖಾಲಿ ಇದ್ದರೆ ಸರಿ. ಹೊಲದಲ್ಲೋ ಕಾಡಿನಲ್ಲೋ ಮೂತಿ ಸಮೇತ ಸಿಕ್ಕಿತು ಅಂದರೆ ದಯವಿಟ್ಟು ಮುಟ್ಟಬೇಡಿ. ಫೋಟೊಕ್ಕೆ ತೊಳೆಯಬೇಡಿ, ಸುತ್ತಿಗೆ ಹಾಕಬೇಡಿ, ನಮಗೂ ತರಬೇಡಿ. 112ಕ್ಕೆ ಫೋನ್ ಮಾಡಿ ದೂರ ನಿಲ್ಲಿ. ನೂರು ವರ್ಷ ಆದರೂ ಮದ್ದು ಸಾಯಲ್ಲ. ಫ್ರಾನ್ಸ್, ಬೆಲ್ಜಿಯಂನಲ್ಲಿ ರೈತರ ನೇಗಿಲಿಗೆ ಇವತ್ತೂ ಸಿಗುತ್ತಿವೆ, ಇವತ್ತೂ ಸಿಡಿಯುತ್ತಿವೆ.

ಕಾನೂನಿನ ಮಾತು ಬೇಸರ ತರಿಸುತ್ತೆ, ಬೇಗ ಮುಗಿಸ್ತೀನಿ. ಹಳೇ ಬಂದೂಕು, ಪಿಸ್ತೂಲು ಸಿಕ್ಕರೆ "ತಾತನದು" ಅಂತ ಗೋಡೆಗೆ ನೇತು ಹಾಕೋ ಹಾಗಿಲ್ಲ, 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಅದನ್ನ ನೋಡಿಕೊಂಡು ಬೇರೆಯವರು ಹೊರಡಬೇಡಿ. ಇನ್ನು 1972ರ ಪುರಾವಸ್ತು ಕಾಯ್ದೆ. ಇತಿಹಾಸದ ಮಹತ್ವ ಇರೋ, ನೂರು ವರ್ಷ ತುಂಬಿದ ವಸ್ತು ಪುರಾವಸ್ತು. ಲೆಕ್ಕ ಹಾಕಿ, ಮೊದಲ ಮಹಾಯುದ್ಧದ ಸಾಮಾನಿಗೆಲ್ಲ ನೂರು ತುಂಬಿದೆ. ಇಟ್ಟುಕೊಳ್ಳಿ, ಯಾರೂ ಬೇಡ ಅನ್ನಲ್ಲ. ವ್ಯಾಪಾರ ಮಾಡೋಕೆ ಲೈಸೆನ್ಸ್ ಬೇಕು. ದೇಶದ ಹೊರಗೆ ಖಾಸಗಿಯವರು ಕಳಿಸೋ ಹಾಗೇ ಇಲ್ಲ. "ಲಂಡನ್ನಿನಲ್ಲಿ ಒಳ್ಳೇ ರೇಟಂತೆ, ಕೊರಿಯರ್ ಮಾಡ್ತೀನಿ" ಅನ್ನೋ ಬುದ್ಧಿವಂತರಿಗೆ ಈ ಮಾತು.

ಸಂಗ್ರಹಕಾರರೆಲ್ಲ ದುಡ್ಡಿನ ಹಿಂದೆ ಬಿದ್ದವರು ಅಂತ ನಾನು ಹೇಳಲ್ಲ. ನಿಜ ಹೇಳಬೇಕೆಂದರೆ ಮನೆಯವರು ಬೇಡ ಅಂದದ್ದನ್ನ ಅವರೇ ಉಳಿಸಿದ್ದಾರೆ. ನನಗೆ ಸಿಟ್ಟು ಬರೋದು ಮೂರು ಪದಕದ ಗುಂಪನ್ನ ಒಡೆದು, ಬೆಳ್ಳಿದು ಒಬ್ಬನಿಗೆ, ನಕ್ಷತ್ರ ಇನ್ನೊಬ್ಬನಿಗೆ ಮಾರೋ ವ್ಯಾಪಾರಿಗಳ ಮೇಲೆ. ಒಂದು ಸಲ ಚೆದುರಿದರೆ ಆ ಮೂರು ಮತ್ತೆ ಸೇರಲ್ಲ. ಇನ್ನೊಂದು ಸಿಟ್ಟು, ಕಾಗದ ಎಸೆಯೋರ ಮೇಲೆ. ಟ್ರಂಕು ತೆಗೆದ ತಕ್ಷಣ ನಮ್ಮ ಜನ ಮೊದಲು ಮಾಡೋ ಕೆಲಸ ಗೆದ್ದಲು ಹಿಡಿದ ಕಾಗದವನ್ನ ಒಲೆಗೆ ಹಾಕೋದು. ಸ್ವಾಮಿ, ಆ ಡಿಸ್ಚಾರ್ಜ್ ಸರ್ಟಿಫಿಕೇಟು, ಆ ಸಂಬಳದ ಪುಸ್ತಕ, ಅದರಲ್ಲೇ ಇರೋದು ಅವನು ಎಲ್ಲಿ ಹೋದ, ಯಾವಾಗ ಗಾಯ ಆಯ್ತು, ಅಪ್ಪನ ಹೆಸರು, ಊರಿನ ಹೆಸರು. ಪದಕ ಇನ್ನೂ ನೂರು ವರ್ಷ ಇರುತ್ತೆ. ಕಾಗದ ಈ ಮಳೆಗಾಲ ದಾಟಲ್ಲ. ಮೊದಲು ಅದರ ಫೋಟೊ ತೆಗೀರಿ.

ಯಾಕೆ ಇಷ್ಟು ಹೇಳ್ತಿದ್ದೀನಿ ಅಂದರೆ, ಮೊದಲನೇ ಮಹಾಯುದ್ಧಕ್ಕೆ ಭಾರತದಿಂದ ಹೊರದೇಶಕ್ಕೆ ಹೋದವರು ಹತ್ತು ಲಕ್ಷಕ್ಕೂ ಹೆಚ್ಚು. ಸತ್ತವರು ಸುಮಾರು 74,000. ಇಂಡಿಯಾ ಗೇಟಿನ ಮೇಲೆ ಕೊರೆದಿರೋದು 13,000 ಚಿಲ್ಲರೆ ಹೆಸರು. ಬದುಕಿ ಬಂದವನ ಹೆಸರನ್ನ ಯಾವ ಕಲ್ಲಿನ ಮೇಲೂ ಕೊರೆಯಲಿಲ್ಲ. ಅವನು ಊರಿಗೆ ಬಂದ, ಹೊಲ ಉತ್ತ, ಮಕ್ಕಳು ಮಾಡಿದ, ಸತ್ತ. ಅವನು ಹೋಗಿದ್ದ ಅನ್ನೋದಕ್ಕೆ ಮನೆಯಲ್ಲಿ ಉಳಿದ ಗುರುತು ಈ ಬಿಲ್ಲೆಯ ಅಂಚಿನಲ್ಲಿ ಒತ್ತಿರೋ ಒಂದು ಸಾಲು. ಅದನ್ನೂ ನಾವು ಹುಣಸೆಹಣ್ಣು ಹಾಕಿ ತಿಕ್ಕಿ ಅಳಿಸ್ತೀವಿ! ಹೌದು, ಆ ಹೆಣ್ಣುಮಗಳು ಕಳಿಸಿದ ಫೋಟೊದಲ್ಲಿ ವಿಕ್ಟರಿ ಮೆಡಲ್ ಚಿನ್ನದ ಥರ ಹೊಳೀತಿತ್ತು. ಟಿವಿಯವರಿಗೆ ಕಳಿಸ್ತೀವಲ್ಲ ಅಂತ ದೀಪ ಬೆಳಗೋ ಹಾಗೆ ಬೆಳಗಿದ್ದರು. ನಮ್ಮ ಬ್ಯಾಂಕ್ ಅಧಿಕಾರಿಗಳು ಅದನ್ನ ನೋಡಿ ಹಣೆ ಚಚ್ಚಿಕೊಂಡರು. ಹಳೇ ಕಂಚಿನ ಮೇಲಿನ ಕಂದು ಬಣ್ಣ ಕೊಳೆಯಲ್ಲ, ಅದು ವಯಸ್ಸು. ತಿಕ್ಕಿದಷ್ಟೂ ಅಕ್ಷರ ಸವೆಯುತ್ತೆ. ಮೆತ್ತನೆ ಒಣಬಟ್ಟೆ ಸಾಕು.

ಅವರ ಮನೆಯ ವಿಷಯ ಏನಾಯ್ತು ಅಂತ ಕೇಳ್ತೀರಿ. ನಿನ್ನೆ ಆ ತಮ್ಮನೇ ಫೋನ್ ಮಾಡಿದ್ದ. ದನಿಯಲ್ಲಿ ಉತ್ಸಾಹ. "ಸರ್, ತಾತನ ನಂಬರ್ ಸಿಕ್ತಲ್ಲ, ಅದರ ಮೇಲೆ ಪೆನ್ಷನ್ ಏನಾದ್ರೂ ಬರುತ್ತಾ?" ಅಂದ. ಬರಲ್ಲಪ್ಪಾ ಅಂದೆ. ಅವನೂ ನಕ್ಕ, ನಾನೂ ನಕ್ಕೆ. ಆಮೇಲೆ ಕೇಳಿದ, "ಹಾಗಾದ್ರೆ ಫ್ರೇಮ್ ಹಾಕಿಸ್ತೀನಿ ಸರ್. ಅಂಟು ಹಾಕಿ ಕೂರಿಸ್ತಾರಂತೆ, ಆಗಬಹುದಾ?"

ಅಂಟು ಬೇಡ, ದಾರದಲ್ಲಿ ಕಟ್ಟಿಸು ಅಂದೆ. ಅಂಚು ಒಳಗೆ ಹೋಗುತ್ತೆ, ಹೆಸರು ಕಾಣಲ್ಲ. ಅದಕ್ಕೆ ಕೆಳಗೆ ಒಂದು ಚೀಟಿಯಲ್ಲಿ ಬರೆಸು, ಕನ್ನಡದಲ್ಲೇ ಬರೆಸು, ನಂಬರ್ ಸಮೇತ. ಬೆಳ್ಳಿ ಪದಕದ ಜಾಗ ಖಾಲಿ ಬಿಡಲಾ ಅಂತ ಕೇಳಿದ. ಬಿಡು ಅಂದೆ.